ತುಂಬುವ ಕೊಡದ ಸದ್ದು



ಬೀದಿ ನಲ್ಲಿಯ ಕೆಳಗೆ ಕೊಡ ಇಟ್ಟು ನಿಂತವರನ್ನು ಒಮ್ಮೆ ನೆನಪಿಸಿಕೊಳ್ಳಿ. ಬೆಳಗಿನ ಜಾವ, ಇನ್ನೂ ಕತ್ತಲು. ಕೊಡದೊಳಗೆ ನೀರು ಎಲ್ಲಿಯವರೆಗೆ ಬಂದಿದೆ ಎಂಬುದು ಕಣ್ಣಿಗೆ ಕಾಣದು. ಆದರೂ ನಮ್ಮ ಅಮ್ಮಂದಿರು, ಅಜ್ಜಿಯರು ಪಕ್ಕದ ಮನೆಯವರ ಜೊತೆ ಮಾತಾಡುತ್ತಲೇ, ಕೊಡದ ಕಡೆ ತಿರುಗಿಯೂ ನೋಡದೆ, ಸರಿಯಾದ ಹೊತ್ತಿಗೆ ಕೈ ಚಾಚಿ ನಲ್ಲಿ ನಿಲ್ಲಿಸುತ್ತಿದ್ದರು. ಅವರಿಗೆ ಸುದ್ದಿ ಮುಟ್ಟಿಸುತ್ತಿದ್ದುದು ಸದ್ದು. ಖಾಲಿ ಕೊಡಕ್ಕೆ ನೀರು ಬೀಳುವಾಗ ದನಿ ದಪ್ಪ. ನೀರು ಏರಿದಂತೆ ಒಳಗೆ ಗಾಳಿಗೆ ಇರುವ ಜಾಗ ಕಿರಿದಾಗುತ್ತದೆ, ದನಿ ತೆಳ್ಳಗಾಗುತ್ತ ಮೇಲೇರುತ್ತದೆ. ಕಂಠದ ಹತ್ತಿರ ಬಂದಾಗ ಆ ಏರಿಕೆ ಚುರುಕಾಗುತ್ತದೆ. ಕಿವಿ ಕೇಳುತ್ತದೆ, ತಲೆ ತೀರ್ಮಾನ ಮಾಡುತ್ತದೆ, ಕೈ ಹೋಗುತ್ತದೆ.

ಪ್ರತಿವರ್ಷ ನನ್ನ ಮೊದಲ ತರಗತಿಗೆ ನಾನು ಒಂದು ಸ್ಟೀಲಿನ ಕೊಡವನ್ನು ಒಯ್ಯುತ್ತೇನೆ. ಒಬ್ಬ ವಿದ್ಯಾರ್ಥಿಯನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಹಿಂದೆ ಕೊಡಕ್ಕೆ ನೀರು ಬಿಡುತ್ತೇನೆ. ತುಂಬುವುದಕ್ಕೆ ತುಸು ಮುಂಚೆ ಕೈ ಎತ್ತಬೇಕು, ಅಷ್ಟೇ ಪರೀಕ್ಷೆ. ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಹೆಚ್ಚುಕಮ್ಮಿ ತಪ್ಪುವುದೇ ಇಲ್ಲ. ಆಮೇಲೆ ಕರಿಹಲಗೆಯ ಮೇಲೆ ಮೂರು ಮಾತು ಬರೆಯುತ್ತೇನೆ: ಅರಿ, ತೀರ್ಮಾನಿಸು, ಮಾಡು. ಮೂರನೆಯದರಿಂದ ಮೊದಲನೆಯದಕ್ಕೆ ಒಂದು ಬಾಣ ಎಳೆಯುತ್ತೇನೆ. ಕೈ ನಲ್ಲಿಯನ್ನು ಅರ್ಧ ತಿರುಗಿಸಿದರೆ ಸದ್ದು ಬದಲಾಗುತ್ತದಲ್ಲ, ಆ ಬದಲಾವಣೆಯನ್ನು ಕಿವಿ ಮತ್ತೆ ಕೇಳುತ್ತದಲ್ಲ, ಆ ಬಾಣ ಅದಕ್ಕಾಗಿ. ನಾನು ಕಲಿಸುವ ವಿಷಯದ ಹೆಸರು ಮೆಕಾಟ್ರಾನಿಕ್ಸ್. ಮನುಷ್ಯ ಮಾಡುವ ಈ ಸುತ್ತನ್ನು ಯಂತ್ರದ ಕೈಯಲ್ಲಿ ಮಾಡಿಸುವ ವಿದ್ಯೆ ಅದು.

ಹೆಸರು ಹುಟ್ಟಿದ್ದು ಜಪಾನಿನಲ್ಲಿ, 1969ರಲ್ಲಿ. ಯಾಸ್ಕಾವಾ ಎಲೆಕ್ಟ್ರಿಕ್ ಎಂಬ ಮೋಟರ್ ತಯಾರಿಸುವ ಕಂಪನಿಯ ಎಂಜಿನಿಯರ್ ಟೆಟ್ಸುರೊ ಮೋರಿ ಎರಡು ಪದಗಳನ್ನು ಬೆಸೆದರು. ಮೆಕ್ಯಾನಿಸಂ ಎಂಬುದರ ಮುಂಭಾಗ, ಎಲೆಕ್ಟ್ರಾನಿಕ್ಸ್ ಎಂಬುದರ ಹಿಂಭಾಗ. ಕಂಪನಿ ಅದನ್ನು ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡಿತ್ತು. ಪದ ಎಲ್ಲರ ಬಾಯಿಗೆ ಬಂದ ಮೇಲೆ ಆ ಹಕ್ಕನ್ನು ಬಿಟ್ಟುಕೊಟ್ಟಿತು. ಇಂದು ಅದು ಯಾರದೂ ಅಲ್ಲದ, ಎಲ್ಲರದೂ ಆದ ಮಾತು. ಕನ್ನಡದಲ್ಲಿ ಇದಕ್ಕೊಂದು ಪದ ಕಟ್ಟಲು ನನಗೂ ಆಸೆ ಇತ್ತು. ಆದರೆ ವರ್ಕ್‌ಶಾಪಿನಲ್ಲಿ ದುಡಿಯುವವರು ಮೆಕಾಟ್ರಾನಿಕ್ಸ್ ಅಂತಲೇ ಅನ್ನುವುದರಿಂದ ನಾನೂ ಅದನ್ನೇ ಬಳಸುತ್ತೇನೆ.

ಆ ಹೆಸರು ಆ ಕಾಲದಲ್ಲೇ ಯಾಕೆ ಹುಟ್ಟಿತು ಎನ್ನುವುದಕ್ಕೆ ಕಾರಣ ಇದೆ. ಆವರೆಗೆ ಕಾರ್ಖಾನೆಯ ಯಂತ್ರಗಳ ತೀರ್ಮಾನವೆಲ್ಲ ನಡೆಯುತ್ತಿದ್ದುದು ರಿಲೇಗಳಲ್ಲಿ, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್ಚುಗಳಲ್ಲಿ. ಗೋಡೆಯುದ್ದದ ಪೆಟ್ಟಿಗೆ, ಅದರೊಳಗೆ ಟಕ್ ಟಕ್ ಅನ್ನುವ ನೂರಾರು ರಿಲೇಗಳು, ಅವುಗಳ ನಡುವೆ ಸಾವಿರಾರು ತಂತಿ. ಕಾರಿನ ಮಾದರಿ ಬದಲಾದರೆ ಆ ತಂತಿಗಳನ್ನೆಲ್ಲ ಕಿತ್ತು ಹೊಸದಾಗಿ ಹೆಣೆಯಬೇಕು. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಗೇರ್‌ಬಾಕ್ಸ್ ವಿಭಾಗಕ್ಕೆ ಇದು ಸಾಕಾಗಿಹೋಗಿತ್ತು. ತಂತಿ ಬದಲಿಸುವ ಬದಲು ಪ್ರೋಗ್ರಾಂ ಬದಲಿಸಿದರೆ ಸಾಲುವಂಥ ಪೆಟ್ಟಿಗೆ ಬೇಕು ಎಂದು 1968ರಲ್ಲಿ ಅದು ಕೇಳಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ಮಾಡಿಕೊಟ್ಟ ಮೋಡಿಕಾನ್ 084 ಎಂಬ ಯಂತ್ರವೇ ಪಿ.ಎಲ್.ಸಿ. ಎಂದು ಕರೆಯುವ, ಪ್ರೋಗ್ರಾಂ ಬದಲಿಸಬಹುದಾದ ನಿಯಂತ್ರಕಗಳ ಮನೆತನದ ಹಿರಿಯ. ಅವರ ತಂಡದ ಎಂಬತ್ತನಾಲ್ಕನೆಯ ಕೆಲಸವಾದ್ದರಿಂದ ಆ ಸಂಖ್ಯೆ. 1971ರಲ್ಲಿ ಇಂಟೆಲ್ ಕಂಪನಿಯ 4004 ಚಿಪ್ ಬಂತು. ಸುಮಾರು 2,300 ಟ್ರಾನ್ಸಿಸ್ಟರ್‌ಗಳು ಉಗುರಿಗಿಂತ ಚಿಕ್ಕ ಜಾಗದಲ್ಲಿ ಕೂತವು. ತೀರ್ಮಾನ ಮಾಡುವ ತಲೆ ಅಗ್ಗವಾಯಿತು, ಚಿಕ್ಕದಾಯಿತು. ಅದನ್ನು ಮೋಟರಿನ ಪಕ್ಕದಲ್ಲೇ ಕೂರಿಸಬಹುದಾಯಿತು.

ಇದರ ಫಲ ನಿಮ್ಮ ಮನೆಯಲ್ಲೇ ಇದೆ. ಹಳೆಯ ಸೆಮಿ ಆಟೋಮ್ಯಾಟಿಕ್ ಬಟ್ಟೆ ಒಗೆಯುವ ಯಂತ್ರದ ಗುಬುಟು ತಿರುಗಿಸಿದರೆ ಅದು ಟಿಕ್ ಟಿಕ್ ಎನ್ನುತ್ತ ಹಿಂದಕ್ಕೆ ಬರುತ್ತದೆ. ಹತ್ತು ನಿಮಿಷ ಎಂದು ಇಟ್ಟರೆ ಹತ್ತೇ ನಿಮಿಷ. ಒಳಗೆ ಎರಡು ಕರ್ಚೀಫ್ ಇದ್ದರೂ ಅಷ್ಟೇ, ಕಂಬಳಿ ಇದ್ದರೂ ಅಷ್ಟೇ. ಅದಕ್ಕೆ ಕೈ ಇದೆ, ಕಿವಿ ಇಲ್ಲ. ಪೂರ್ತಿ ಆಟೋಮ್ಯಾಟಿಕ್ ಯಂತ್ರಗಳಲ್ಲಿ ಹಲವು, ಸ್ಟಾರ್ಟ್ ಒತ್ತಿದ ಕೂಡಲೇ ನೀರು ಬಿಡುವ ಮೊದಲು ಎರಡು ಮೂರು ಸಲ ಅತ್ತಿತ್ತ ಹೊರಳಿ ನಿಲ್ಲುತ್ತವೆ. ಅದು ಒಳಗಿರುವ ಬಟ್ಟೆಯ ಭಾರವನ್ನು ಮೋಟರಿನ ಮೂಲಕವೇ ಅಳೆದು ನೋಡುವ ರೀತಿ. ಇನ್ನು, ನೀರು ಎಷ್ಟು ಏರಿದೆ ಎಂದು ಹೇಳುವುದು ಬೆರಳು ದಪ್ಪದ ಒಂದು ಕೊಳವೆ. ತೊಟ್ಟಿಯ ತಳದಿಂದ ಮೇಲಕ್ಕೆ ಬರುವ ಆ ಕೊಳವೆಯಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿರುತ್ತದೆ. ನೀರು ಏರಿದಂತೆ ಆ ಗಾಳಿ ಒತ್ತಲ್ಪಡುತ್ತದೆ, ಮೇಲಿನ ಸೆನ್ಸರ್ ಆ ಒತ್ತಡವನ್ನು ಓದುತ್ತದೆ. ಮುಂದಿನ ಸಲ ಯಂತ್ರದ ರಿಪೇರಿಯವರು ಮನೆಗೆ ಬಂದಾಗ ಆ ಕೊಳವೆಯನ್ನು ತೋರಿಸಲು ಕೇಳಿ.

ಈಗ ಕಾಲೇಜಿಗೆ ಬರೋಣ. ನಮ್ಮ ರಾಜ್ಯದ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೆಕಾಟ್ರಾನಿಕ್ಸ್ ಹೊಸ ಹೆಸರೇನಲ್ಲ. ಪಠ್ಯಕ್ರಮದಲ್ಲಿ ಬಹಳ ವರ್ಷಗಳಿಂದ ಅದು ಒಂದು ವಿಷಯವಾಗಿ ಬಂದಿದೆ. ಬೋಲ್ಟನ್ ಅವರ ದಪ್ಪ ಪುಸ್ತಕವನ್ನು ಓದಿ ಪಾಸಾದವರು ಸಾವಿರಾರು ಮಂದಿ. ನಾನೂ ಮೊದಮೊದಲು ಪುಸ್ತಕದ ಸಾಲಿನಲ್ಲೇ ಪಾಠ ಮಾಡಿದೆ. ಮೊದಲು ಸೆನ್ಸರ್‌ಗಳು, ಆಮೇಲೆ ಸಂಕೇತ ತಿದ್ದುವ ಸರ್ಕ್ಯೂಟುಗಳು, ಆಮೇಲೆ ಮೋಟರ್‌ಗಳು, ಕೊನೆಗೆ ಮೈಕ್ರೊಪ್ರೊಸೆಸರ್. ಹದಿನಾರು ಬಗೆಯ ಸೆನ್ಸರ್‌ಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಹತ್ತಕ್ಕೆ ಹತ್ತು ಅಂಕ ಪಡೆದ ಹುಡುಗನೊಬ್ಬ, ಮೇಜಿನ ಮೇಲಿದ್ದ ನಿಜವಾದ ಸೆನ್ಸರ್ ಎತ್ತಿಕೊಂಡು, "ಮೇಡಂ, ಇದೇನು?" ಎಂದು ಕೇಳಿದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನ ಕೈಗೆ ಅದನ್ನು ಕೊಡದೆ ನಾಲ್ಕು ತಿಂಗಳು ಪಾಠ ಮಾಡಿದವಳು ನಾನು. ಮರುವರ್ಷ ಕ್ರಮವನ್ನು ತಲೆಕೆಳಗು ಮಾಡಿದೆ. ಮೊದಲ ವಾರವೇ ಮೇಜು, ತಂತಿ, ನೀರು. ಪುಸ್ತಕ ಬೇಕಾದಾಗ ಬೇಕಾದ ಪುಟಕ್ಕೆ ಮಾತ್ರ ಬರುತ್ತದೆ. ಅಂದಿನಿಂದ ಆ ಕ್ರಮವನ್ನು ಬಿಟ್ಟಿಲ್ಲ.

ಈ ಹೊಸ ಕ್ರಮದಲ್ಲಿ ಕೆಲಸ ಒಂದೇ, ವಿದ್ಯಾರ್ಥಿಗಳ ಎಲ್ಲ ತಂಡಗಳಿಗೂ ಒಂದೇ. ಎರಡು ಪ್ಲಾಸ್ಟಿಕ್ ಡ್ರಮ್ಮು, ಒಂದು ನೆಲದ ಮೇಲೆ, ಒಂದು ಮೇಜಿನ ಮೇಲೆ. ಕೆಳಗಿನದರಲ್ಲಿ ಪುಟ್ಟ ಪಂಪು. ಮೇಲಿನ ಡ್ರಮ್ಮಿನ ತಳದಲ್ಲಿ ಒಂದು ನಲ್ಲಿ. ಅದನ್ನು ನಾನು ಯಾವಾಗ ಬೇಕಾದರೂ, ಎಷ್ಟು ಬೇಕಾದರೂ ತಿರುಗಿಸುತ್ತೇನೆ. ಮೇಲಿನ ಡ್ರಮ್ಮಿನ ನೀರು ಹೇಳಿದ ಮಟ್ಟದಲ್ಲೇ ನಿಲ್ಲಬೇಕು. ಮನೆಯ ಮಾಳಿಗೆಯ ಟ್ಯಾಂಕಿನ ಕಥೆಯೇ ಇದು. ತಂಡದಲ್ಲಿ ನಾಲ್ವರು, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಬೇರೆ ಬೇರೆ ವಿಭಾಗದವರು.  ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವಂಥದು. ತಲೆಯ ಕೆಲಸಕ್ಕೆ ಆರ್ಡುಯಿನೊ ಎಂಬ ಪುಟ್ಟ ಬೋರ್ಡು. ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ, ಎಂಜಿನಿಯರ್‌ಗಳಲ್ಲದ ವಿನ್ಯಾಸ ವಿದ್ಯಾರ್ಥಿಗಳಿಗೂ ಅನುಕೂಲವಾಗಲಿ ಎಂದು 2005ರಲ್ಲಿ ಮಾಡಿದ ಬೋರ್ಡು ಅದು. ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದರಿಂದ ಜಗತ್ತಿನ ಮೂಲೆಮೂಲೆಗೂ ಹೋಯಿತು.

ನೀರಿನ ಮಟ್ಟ ಅರಿಯಲು ಬಾವಲಿಯ ಉಪಾಯ. ಡ್ರಮ್ಮಿನ ಮುಚ್ಚಳಕ್ಕೆ ಎರಡು ಕಣ್ಣಿನಂತೆ ಕಾಣುವ ಸೆನ್ಸರ್ ಅಂಟಿಸುತ್ತೇವೆ. ಒಂದು ಕಣ್ಣು 40,000 ಹರ್ಟ್ಸ್‌ನ ಸದ್ದು ಕೂಗುತ್ತದೆ, ನಮ್ಮ ಕಿವಿಗೆ ಕೇಳದು. ಇನ್ನೊಂದು ಕಣ್ಣು ನೀರಿಗೆ ತಾಗಿ ಮರಳಿದ ದನಿಗಾಗಿ ಕಾಯುತ್ತದೆ. ಹೋಗಿ ಬರಲು ಹಿಡಿದ ಹೊತ್ತನ್ನು ಬೋರ್ಡು ಅಳೆಯುತ್ತದೆ. ಸೆಂಟಿಮೀಟರಿಗೆ ಸುಮಾರು 58 ಮೈಕ್ರೊಸೆಕೆಂಡ್. ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. ಭಾಗಾಕಾರ ಮಾಡಿದರೆ ನೀರು ಎಷ್ಟು ದೂರದಲ್ಲಿದೆ ಎಂದು ತಿಳಿಯಿತು, ಅದರಿಂದ ಮಟ್ಟ ಸಿಕ್ಕಿತು. ಇಂಟರ್‌ನೆಟ್ಟಿನಲ್ಲಿ ಸಿದ್ಧ ಪ್ರೋಗ್ರಾಂ ಸಿಗುತ್ತದೆ, ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಅಂಕಿಗಳು ಓಡುತ್ತವೆ, ಹುಡುಗರು ಚಪ್ಪಾಳೆ ತಟ್ಟುತ್ತಾರೆ.

ನಾನು ಕಾಯುವುದು ಚಪ್ಪಾಳೆ ನಿಂತ ಮೇಲಿನ ಗಳಿಗೆಗೆ. ಯಾಕೆಂದರೆ ಅಂಕಿಗಳು ನಿಲ್ಲುವುದಿಲ್ಲ. ನೀರು ಅಲುಗಾಡದಿದ್ದರೂ 31, 31, 30, 31, ಇದ್ದಕ್ಕಿದ್ದಂತೆ 87, ಮತ್ತೆ 31. ಆ 87 ಎಲ್ಲಿಂದ ಬಂತು? ಕೂಗಿದ ಸದ್ದು ನೇರ ಗೆರೆಯಂತೆ ಇಳಿಯುವುದಿಲ್ಲ, ಬ್ಯಾಟರಿಯ ಬೆಳಕಿನಂತೆ ಹರಡುತ್ತದೆ. ಡ್ರಮ್ಮಿನ ಗೋಡೆಗೆ ಬಡಿದು, ಅಲ್ಲಿಂದ ನೀರಿಗೆ ಬಡಿದು, ಸುತ್ತಿ ಬಳಸಿ ಬರುವ ದನಿಯೂ ಉಂಟು. ಪಂಪು ನೀರು ಸುರಿಯುವಾಗ ಅಲೆ ಎದ್ದು ದನಿ ಚದುರಿಹೋಗುವುದೂ ಉಂಟು. ಕಂಪ್ಯೂಟರ್ ವಿಭಾಗದ ಹುಡುಗಿ ಐದು ಸಲ ಓದಿ ನಡುವಿನ ಅಂಕಿಯನ್ನು ಹಿಡಿಯೋಣ ಎನ್ನುತ್ತಾಳೆ. ಮೆಕ್ಯಾನಿಕಲ್ ಹುಡುಗ ಡ್ರಮ್ಮಿನೊಳಗೆ ಒಂದು ಪಿವಿಸಿ ಪೈಪನ್ನು ನಿಲ್ಲಿಸಿ, ಅದರೊಳಗಿನ ನಿಶ್ಚಲ ನೀರನ್ನು ಅಳೆಯೋಣ ಎನ್ನುತ್ತಾನೆ. ಇಬ್ಬರೂ ಸರಿ. ಇಬ್ಬರೂ ಒಂದೇ ಮೇಜಿನಲ್ಲಿ ಇದ್ದದ್ದರಿಂದಲೇ ಎರಡು ದಾರಿ ಕಂಡವು.

ಆ 58 ಎಂಬ ಅಂಕಿಯನ್ನೂ ಪ್ರಶ್ನೆ ಮಾಡಿಸುತ್ತೇನೆ. ಗಾಳಿ ಬಿಸಿಯಾದಂತೆ ಸದ್ದು ವೇಗವಾಗಿ ಓಡುತ್ತದೆ. ಮಡಿಕೇರಿಯ ಚಳಿಗಾಲದ ಬೆಳಗಿನ 15 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯಲ್ಲಿ ಸುಮಾರು 355. ಒಂದು ಮೀಟರ್ ಆಳದ ಅಳತೆಯಲ್ಲಿ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ವ್ಯತ್ಯಾಸ. ಹಾಗಾದರೆ ಬಿಸಿಯನ್ನೂ ಅಳೆಯಬೇಕು. ಎಲ್‌ಎಂ35 ಎಂಬ ಮೂರು ಕಾಲಿನ ಬಿಡಿಭಾಗ ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ನಮ್ಮ ಬೋರ್ಡು 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಕತ್ತರಿಸಿ ಓದುತ್ತದೆ, ಒಂದು ಮೆಟ್ಟಿಲು 5 ಮಿಲಿವೋಲ್ಟಿಗಿಂತ ತುಸು ಕಡಿಮೆ. ಅಂದಮೇಲೆ ಅರ್ಧ ಡಿಗ್ರಿಗಿಂತ ನಯವಾಗಿ ಅದಕ್ಕೆ ತಿಳಿಯದು. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಎಷ್ಟು ಸಾಕು ಎಂದು ಲೆಕ್ಕ ಹಾಕಿ ಹೇಳಲು ಬಂದವನು ಎಂಜಿನಿಯರ್ ಆಗತೊಡಗಿದ್ದಾನೆ ಎಂದು ನಾನು ನಂಬುತ್ತೇನೆ.

ಇನ್ನು ತೀರ್ಮಾನದ ಮಾತು. ಮಟ್ಟ 60ಕ್ಕಿಂತ ಕೆಳಗಿಳಿದರೆ ಪಂಪು ಹಾಕು, 60 ಮುಟ್ಟಿದರೆ ಆರಿಸು. ಎಲ್ಲ ತಂಡಗಳೂ ಮೊದಲು ಬರೆಯುವುದು ಇದನ್ನೇ. ಪಂಪು ಶುರುವಾಗುತ್ತದೆ, ಅಲೆ ಏಳುತ್ತದೆ, ಅಲೆಯ ತಲೆ 60 ಮುಟ್ಟುತ್ತದೆ, ಪಂಪು ನಿಲ್ಲುತ್ತದೆ, ಅಲೆ ಇಳಿಯುತ್ತದೆ, ಪಂಪು ಮತ್ತೆ ಶುರು. ಪಂಪನ್ನು ಹಾಕಿ ಆರಿಸುವ ರಿಲೇ ಮೆಷಿನ್ ಗನ್ನಿನಂತೆ ಟಕಟಕ ಬಡಿಯುತ್ತದೆ. ಆಗ ಕೇಳುತ್ತೇನೆ, ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಯಾಕೆ ಹೀಗೆ ಬಡಿಯುವುದಿಲ್ಲ? ಫ್ರಿಜ್ಜು ಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ? ಅವುಗಳಿಗೆ ಗಡಿ ಒಂದಲ್ಲ, ಎರಡು. ಇಷ್ಟಕ್ಕೆ ಇಳಿದರೆ ಶುರು, ಅಷ್ಟಕ್ಕೆ ಏರಿದರೆ ನಿಲುಗಡೆ, ನಡುವೆ ಇರುವಾಗ ಇದ್ದಂತೆ ಇರು. ಪ್ರೋಗ್ರಾಂನಲ್ಲಿ ಒಂದು ಸಾಲು ಬದಲಾದರೆ ರಿಲೇ ಶಾಂತವಾಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಹಿಸ್ಟರಿಸಿಸ್ ಎಂಬ ಗಡಸು ಹೆಸರಿದೆ. ಆ ಟಕಟಕ ಕೇಳಿಸಿಕೊಂಡವರಿಗೆ ಆ ಹೆಸರು ಮರೆಯುವುದಿಲ್ಲ.

ಒಂದು ಮಧ್ಯಾಹ್ನದ ಪ್ರಸಂಗ ಹೇಳಬೇಕು. ಒಂದು ತಂಡದ ಪಂಪು ಶುರುವಾದ ಕ್ಷಣಕ್ಕೇ ನಿಲ್ಲುತ್ತಿತ್ತು. ಮೂರು ಸೆಕೆಂಡ್ ಬಿಟ್ಟು ಮತ್ತೆ ಶುರು, ಮತ್ತೆ ನಿಲುಗಡೆ. ನಾಲ್ವರೂ ಪ್ರೋಗ್ರಾಂನಲ್ಲೇ ತಪ್ಪು ಹುಡುಕುತ್ತಿದ್ದರು. ಎರಡು ಲ್ಯಾಬು ಅವಧಿ ಅದರಲ್ಲೇ ಕಳೆಯಿತು. ನನಗೆ ಕಾರಣ ಹೊಳೆದಿತ್ತು, ಆದರೆ ಬಾಯಿ ಬಿಡಲಿಲ್ಲ. ಪರದೆಯ ಮೇಲೆ ಏನು ಬರುತ್ತಿದೆ ಓದಿ ಎಂದಷ್ಟೇ ಹೇಳಿದೆ. ಪ್ರತಿಸಲ ಪಂಪು ಶುರುವಾದಾಗಲೂ ಪರದೆಯ ಮೇಲೆ "ಶುರು" ಎಂಬ ಸಾಲು ಬರುತ್ತಿತ್ತು. ಆ ಸಾಲು ಬೋರ್ಡು ಮೊದಲ ಸಲ ಎಚ್ಚರವಾದಾಗ ಮಾತ್ರ ಬರಬೇಕಾದದ್ದು.

ತಂಡದಲ್ಲಿ ಚನ್ನಗಿರಿ ಕಡೆಯ ಹುಡುಗ ಒಬ್ಬನಿದ್ದ, ಮನೆಯಲ್ಲಿ ಅಡಿಕೆ ತೋಟ. ತರಗತಿಯಲ್ಲಿ ಬಾಯಿ ಬಿಡುತ್ತಿದ್ದವನಲ್ಲ. ಅವನು ಮೆಲ್ಲಗೆ ಹೇಳಿದ, "ಮೇಡಂ, ನಮ್ ತೋಟದಾಗೆ ಪಂಪ್‌ಸೆಟ್ ಸ್ಟಾರ್ಟ್ ಆದ್ ತಕ್ಷಣ ಮನೆ ಬಲ್ಬು ಒಂದ್ ಗಳಿಗೆ ಮಂಕಾಗ್ತದೆ. ಇದೂ ಹಂಗೇ ಏನೋ."

ಹಾಗೇ ಆಗಿತ್ತು. ಮೋಟರು ನಿಂತಲ್ಲಿಂದ ಏಳುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ತಿರುಗಲು ಶುರುವಾದ ಮೇಲೆ ಮೋಟರು ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿ ಆ ಎಳೆತವನ್ನು ತಗ್ಗಿಸುತ್ತದೆ. ನಿಂತಾಗ ಆ ಎದುರು ವೋಲ್ಟೇಜ್ ಇಲ್ಲ, ತಡೆಯುವವರಿಲ್ಲ. ಪಂಪಿಗೂ ಬೋರ್ಡಿಗೂ ಒಂದೇ ಅಡಾಪ್ಟರಿನಿಂದ ಕರೆಂಟು ಕೊಟ್ಟಿದ್ದರು. ಪಂಪು ಎದ್ದಾಗ ವೋಲ್ಟೇಜ್ ಕುಸಿದು ಬೋರ್ಡಿಗೆ ಎಚ್ಚರ ತಪ್ಪುತ್ತಿತ್ತು. ಎಚ್ಚರ ಬಂದ ಮೇಲೆ ಪ್ರೋಗ್ರಾಂ ಮೊದಲಿನಿಂದ ಓಡಿ ಮತ್ತೆ ಪಂಪು ಹಾಕುತ್ತಿತ್ತು. ಆ ಹುಡುಗ ಪಂಪಿಗೆ ಬೇರೆ ಅಡಾಪ್ಟರ್ ಕೊಟ್ಟ, ಎರಡರ ಗ್ರೌಂಡ್ ತಂತಿಯನ್ನು ಒಂದುಗೂಡಿಸಿದ. ಜೊತೆಗೆ ಪಂಪಿನ ಎರಡು ತುದಿಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿಸಿದೆ. ಮೋಟರಿನ ಸುರುಳಿಯಲ್ಲಿ ಓಡುವ ಕರೆಂಟನ್ನು ಥಟ್ಟನೆ ಕತ್ತರಿಸಿದಾಗ ಅದು ಭಾರಿ ವೋಲ್ಟೇಜಾಗಿ ಚಿಮ್ಮುತ್ತದೆ, ಡಯೋಡ್ ಅದಕ್ಕೆ ಹರಿದುಹೋಗಲು ದಾರಿ ಕೊಡುತ್ತದೆ. ಒಂದೆರಡು ರೂಪಾಯಿಯ ವಸ್ತು, ನೂರಾರು ರೂಪಾಯಿಯ ಬೋರ್ಡನ್ನು ಉಳಿಸುತ್ತದೆ.

ಈ ಪ್ರಸಂಗವನ್ನು ನಾನು ಯಾಕೆ ಇಷ್ಟು ಬಿಡಿಸಿ ಹೇಳಿದೆ? ಪ್ರೋಗ್ರಾಂನಲ್ಲಿ ಕಂಡ ರೋಗದ ಬೇರು ಮೋಟರಿನ ತಾಮ್ರದಲ್ಲಿತ್ತು. ಒಂದೇ ವಿಭಾಗದ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಈ ವಿಷಯವನ್ನು ಮೂರು ವಿಭಾಗಗಳ ಮೂರು ಪಾಠಗಳನ್ನು ಪಕ್ಕಪಕ್ಕ ಇಟ್ಟು ಕಲಿಸಿದರೆ ಸಾಲದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ರೋಗ ಬರುವುದು ಒಂದು ವಿಭಾಗ ಇನ್ನೊಂದಕ್ಕೆ ಕೂಡುವ ಸಂದಿನಲ್ಲಿ. ಆ ಸಂದಿಗೆ ಕೈ ಹಾಕಿಸದ ಪಾಠ ಮೆಕಾಟ್ರಾನಿಕ್ಸ್ ಅಲ್ಲ. ಇನ್ನೊಂದು ಮಾತು: ಇಂಗ್ಲಿಷ್ ಬರದು ಎಂದು ಹಿಂದಿನ ಬೆಂಚಿನಲ್ಲಿ ಮುದುಡಿ ಕೂತ ನಮ್ಮ ಹಳ್ಳಿಯ ಮಕ್ಕಳಲ್ಲಿ ಬಹಳಷ್ಟು ಮಂದಿ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಬಿಚ್ಚಿ ಕೂಡಿಸಿದವರು, ಟ್ರ್ಯಾಕ್ಟರಿನ ಸದ್ದು ಕೇಳಿಯೇ ರೋಗ ಹೇಳುವವರು. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟು ಬಂದಾಗ ತಾನೇ ಪಂಪು ಹಾಕುವ, ಒಂದು ಫೇಸ್ ಹೋದರೆ ತಾನೇ ಆರಿಸುವ ಆ ಪೆಟ್ಟಿಗೆಯಲ್ಲಿ ಅರಿ, ತೀರ್ಮಾನಿಸು, ಮಾಡು ಎಂಬ ಮೂರೂ ಇವೆ. ಅವರು ಆ ವಿದ್ಯೆಯನ್ನು ಮನೆಯಿಂದಲೇ ತಂದಿರುತ್ತಾರೆ. ಅದು ವಿದ್ಯೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ನಡುವೆ ಒಂದು ದಿನ ನಾನು ಪಾಯಿಖಾನೆಯ ಫ್ಲಶ್ ಟ್ಯಾಂಕನ್ನು ಮೇಜಿನ ಮೇಲಿಡುತ್ತೇನೆ. ನೀರು ಏರುತ್ತದೆ, ತೇಲುಗುಂಡು ಏರುತ್ತದೆ, ಅದರ ಕಡ್ಡಿ ನೀರಿನ ಬಾಯನ್ನು ಮುಚ್ಚುತ್ತದೆ. ಕರೆಂಟಿಲ್ಲ, ಚಿಪ್ ಇಲ್ಲ, ಪ್ರೋಗ್ರಾಂ ಇಲ್ಲ. ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಹಾಗಾದರೆ ನಮ್ಮ ಸೆನ್ಸರ್, ಬೋರ್ಡು ಯಾಕೆ ಬೇಕು? ಈ ಪ್ರಶ್ನೆಗೆ ತಂಡಗಳು ಲಿಖಿತ ಉತ್ತರ ಕೊಡಬೇಕು. ಮಟ್ಟವನ್ನು ಬೇಕಾದಾಗ ಬದಲಿಸಬೇಕಾದರೆ, ಕೆಳಗಿನ ಸಂಪಿನಲ್ಲಿ ನೀರಿಲ್ಲದಾಗ ಪಂಪು ಸುಡದಂತೆ ಕಾಯಬೇಕಾದರೆ, ದಿನಕ್ಕೆ ಎಷ್ಟು ನೀರು ಖರ್ಚಾಯಿತು ಎಂದು ತಿಳಿಯಬೇಕಾದರೆ ಬೋರ್ಡು ಬೇಕು. ಇವು ಯಾವುವೂ ಬೇಡವಾದರೆ ತೇಲುಗುಂಡೇ ಒಳ್ಳೆಯದು, ಅಗ್ಗ, ಬಾಳಿಕೆ ಹೆಚ್ಚು. ಚಿಪ್ ಹಾಕಿದ್ದನ್ನೆಲ್ಲ ಸ್ಮಾರ್ಟ್ ಎಂದು ಮಾರುವ ಈ ದಿನಗಳಲ್ಲಿ, ಹಾಕಬೇಡಿ ಎಂದು ಹೇಳಲು ಬಲ್ಲ ಎಂಜಿನಿಯರ್ ನಮಗೆ ಬೇಕು.

ಆಮೇಲಿನ ವಾರಗಳಲ್ಲಿ ಗಣಿತ ಬರುತ್ತದೆ. ಹಾಕು, ಆರಿಸು ಎಂಬ ಎರಡೇ ಮಾತಿನ ಬದಲು ಪಂಪಿನ ವೇಗವನ್ನೇ ಹೆಚ್ಚುಕಮ್ಮಿ ಮಾಡುವುದು. ಇದರ ತಿರುಳನ್ನು ಹಡಗಿನಿಂದ ಹೇಳುತ್ತೇನೆ. ರಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ನಿಕೊಲಸ್ ಮಿನೋರ್ಸ್ಕಿ, ಹಡಗಿನ ಚುಕ್ಕಾಣಿ ಹಿಡಿದ ಅನುಭವಸ್ಥರನ್ನು ಗಮನಿಸಿ 1922ರಲ್ಲಿ ಒಂದು ಪ್ರಬಂಧ ಬರೆದರು. ಒಳ್ಳೆಯ ಚುಕ್ಕಾಣಿಗ, ಹಡಗು ಈಗ ಎಷ್ಟು ದಾರಿ ತಪ್ಪಿದೆ ಎಂಬುದನ್ನಷ್ಟೇ ನೋಡುವುದಿಲ್ಲ. ಬಹಳ ಹೊತ್ತಿನಿಂದ ಒಂದೇ ಕಡೆಗೆ ವಾಲುತ್ತ ಬಂದಿದೆಯೇ ಎಂದು ನೆನಪಿಟ್ಟಿರುತ್ತಾನೆ. ಎಷ್ಟು ಬೇಗ ತಿರುಗುತ್ತಿದೆ ಎಂಬುದನ್ನೂ ನೋಡಿ, ಗುರಿ ಮುಟ್ಟುವ ಮೊದಲೇ ಚುಕ್ಕಾಣಿಯನ್ನು ಸಡಿಲಿಸುತ್ತಾನೆ. ಈಗಿನದು, ಹಿಂದಿನದು, ಮುಂದಿನದು. ಈ ಮೂರನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸುವ ಸೂತ್ರಕ್ಕೆ ಪಿಐಡಿ ಎಂದು ಹೆಸರು. ಜಗತ್ತಿನ ಕಾರ್ಖಾನೆಗಳಲ್ಲಿ ಇಂದಿಗೂ ಬಹುಪಾಲು ನಿಯಂತ್ರಣ ನಡೆಯುವುದು ಅದರಿಂದಲೇ. ಸೈಕಲ್ ಕಲಿತವರಿಗೆಲ್ಲ ಇದರ ಅನುಭವ ಇದೆ. ಹೊಸಬರು ಬೀಳುವ ಹೊತ್ತಿಗೆ ಹ್ಯಾಂಡಲನ್ನು ಜೋರಾಗಿ ತಿರುಗಿಸಿ ಇನ್ನೊಂದು ಕಡೆಗೆ ಬೀಳುತ್ತಾರೆ. ನಮ್ಮ ಡ್ರಮ್ಮಿನ ನೀರೂ ಮೊದಲ ಪ್ರಯತ್ನದಲ್ಲಿ ಹಾಗೆಯೇ ಮೇಲೆ ಕೆಳಗೆ ತೂಗಾಡುತ್ತದೆ. ಮೂರು ಅಂಕಿಗಳನ್ನು ತಿದ್ದುತ್ತ ತಿದ್ದುತ್ತ ಒಂದು ಸಂಜೆ ನೀರು ಗೆರೆಯ ಮೇಲೆ ನಿಂತುಬಿಡುತ್ತದೆ. ನಾನು ತಳದ ನಲ್ಲಿಯನ್ನು ಪೂರ್ತಿ ತೆರೆದರೂ ಒಂದು ಕ್ಷಣ ತಗ್ಗಿ ಮತ್ತೆ ಗೆರೆಗೆ ಬರುತ್ತದೆ. ಆ ಸಂಜೆ ಹುಡುಗರು ಮನೆಗೆ ಹೋಗಲು ಒಪ್ಪುವುದಿಲ್ಲ.

ಸ್ಪ್ರಿಂಗಿಗೆ ಕಟ್ಟಿದ ತೂಕದ ಓಲಾಟಕ್ಕೂ ಸುರುಳಿ ಮತ್ತು ಕೆಪ್ಯಾಸಿಟರ್ ನಡುವಿನ ಕರೆಂಟಿನ ಓಲಾಟಕ್ಕೂ ಸಮೀಕರಣ ಒಂದೇ ಎಂದು ತೋರಿಸಲು ಇದೇ ಸಮಯ. ತೂಕದ ಜಾಗದಲ್ಲಿ ಸುರುಳಿ, ಬೈಕಿನ ಶಾಕ್ ಅಬ್ಸಾರ್ಬರಿನ ಎಣ್ಣೆಯ ಜಾಗದಲ್ಲಿ ರೆಸಿಸ್ಟರ್. ವಿಭಾಗಗಳ ಗೋಡೆ ಗಣಿತಕ್ಕೆ ಗೊತ್ತಿಲ್ಲ.

ಪರೀಕ್ಷೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಕಟ್ಟಿದ ಯಂತ್ರಕ್ಕೂ ಅಂಕ ಸಿಗಬೇಕು. ಅಮೆರಿಕದ ಎಂಐಟಿಯಲ್ಲಿ ವುಡಿ ಫ್ಲವರ್ಸ್ ಎಂಬ ಪ್ರಾಧ್ಯಾಪಕರು 1970ರ ದಶಕದಲ್ಲಿ ವಿನ್ಯಾಸದ ಆರಂಭಿಕ ಪಾಠವನ್ನು ಹೊಸದಾಗಿ ರೂಪಿಸಿದರು. ಎಲ್ಲರಿಗೂ ಒಂದೇ ಬಗೆಯ ಚಿಲ್ಲರೆ ಸಾಮಾನಿನ ಚೀಲ ಕೊಟ್ಟು, ಅದರಿಂದ ಯಂತ್ರ ಕಟ್ಟಿಸಿ, ಕೊನೆಗೆ ಯಂತ್ರಗಳ ನಡುವೆ ಸ್ಪರ್ಧೆ ನಡೆಸುತ್ತಿದ್ದರು. ಆ ಸ್ಪರ್ಧೆಯನ್ನು ನೋಡಲು ಜನ ಜಾತ್ರೆಗೆ ಬಂದಂತೆ ಬರುತ್ತಿದ್ದರು. ಗೆಲ್ಲುವಾಗಲೂ ಎದುರಾಳಿಗೆ ನೆರವಾಗಬೇಕು ಎಂಬುದು ಅವರ ನಿಯಮ. ನಮ್ಮಲ್ಲಿ ಅಷ್ಟು ವೈಭವ ಬೇಕಿಲ್ಲ. ನೂರಕ್ಕೆ ಐವತ್ತು ಅಂಕ ಓಡುವ ಯಂತ್ರಕ್ಕೆ ಇರಲಿ. ಅದರಲ್ಲೂ ಕೆಟ್ಟಾಗ ಏನು ನೋಡಿದೆ, ಏನು ಊಹಿಸಿದೆ, ಹೇಗೆ ಖಾತ್ರಿ ಮಾಡಿಕೊಂಡೆ ಎಂದು ಬರೆದಿಟ್ಟ ದಿನಚರಿಗೆ ದೊಡ್ಡ ಪಾಲು ಇರಲಿ. ಸಿದ್ಧ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತಂದು ತೋರಿಸುವ ರೋಗ ನಮ್ಮ ಕಾಲೇಜುಗಳಲ್ಲಿ ಹಬ್ಬಿದೆ. ಕೊಂಡ ಯಂತ್ರ ಓಡಬಹುದು, ಕೊಂಡ ದಿನಚರಿ ಎರಡನೇ ಪ್ರಶ್ನೆಗೇ ನಿಂತುಹೋಗುತ್ತದೆ.

ಕಾಲೇಜು ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ದೊಡ್ಡ ರೋಬೊ ಕೊಂಡು ಗಾಜಿನ ಕೋಣೆಯಲ್ಲಿಟ್ಟು ತಪಾಸಣೆಗೆ ಬಂದವರಿಗೆ ತೋರಿಸುವುದಕ್ಕಿಂತ, ಮಕ್ಕಳು ಸುಟ್ಟರೂ ಚಿಂತೆಯಿಲ್ಲ ಎನ್ನುವಂಥ ಐವತ್ತು ಬೋರ್ಡು ಕೊಳ್ಳಿ. ಲ್ಯಾಬಿನ ಬೀಗವನ್ನು ಸಂಜೆ ಐದಕ್ಕೆ ಹಾಕಬೇಡಿ, ಎಂಟರವರೆಗೆ ತೆರೆದಿಡಿ. ಆ ಮೂರು ಗಂಟೆಯಲ್ಲಿ ಕಲಿಯುವಷ್ಟನ್ನು ಇಡೀ ದಿನದ ಉಪನ್ಯಾಸದಲ್ಲಿ ಕಲಿಯಲಾಗದು. ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಈ ವರ್ಷ ಎಂಜಿನಿಯರಿಂಗ್ ಸೇರುವ ಮಕ್ಕಳಿಗೆ, ಅವರ ತಂದೆತಾಯಿಗೆ ಒಂದು ಮಾತು. ಮನೆಯಲ್ಲೋ ಪಕ್ಕದ ಅಂಗಡಿಯಲ್ಲೋ ಕೆಟ್ಟು ಮೂಲೆ ಸೇರಿದ ಪ್ರಿಂಟರ್ ಇದ್ದರೆ ಗುಜರಿಗೆ ಹಾಕಬೇಡಿ. ಪ್ಲಗ್ಗು ಕಿತ್ತು, ಒಂದು ದಿನ ಹಾಗೇ ಬಿಟ್ಟು, ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ. ಕರೆಂಟು ಬರುವ ಕಡೆಯ ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಮುಟ್ಟಬೇಡಿ. ಹಳೆಯ ಟಿವಿ, ಮೈಕ್ರೊವೇವ್ ಒಲೆಗಳ ತಂಟೆಗಂತೂ ಹೋಗಲೇಬೇಡಿ; ಅವುಗಳ ಒಳಗೆ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಪ್ರಿಂಟರಿನೊಳಗೆ ಒಂದೆರಡು ಮೋಟರು, ಹಲ್ಲಿನ ಬೆಲ್ಟು, ನುಣುಪಾದ ಉಕ್ಕಿನ ಕಂಬಿ, ಹಲ್ಲುಗಾಲಿಗಳು, ಕಾಗದ ಬಂತೋ ಇಲ್ಲವೋ ಎಂದು ಬೆಳಕಿನ ಕಿರಣದಿಂದ ನೋಡುವ ಸೆನ್ಸರ್ ಸಿಗುತ್ತವೆ. ಒಂದೊಂದನ್ನೂ ಕೈಯಲ್ಲಿ ತಿರುಗಿಸಿ, ಇದು ಅರಿಯುವುದೋ, ತೀರ್ಮಾನಿಸುವುದೋ, ಮಾಡುವುದೋ ಎಂದು ಕೇಳಿಕೊಳ್ಳಿ, ಹಾಳೆಯ ಮೇಲೆ ಬರೆದಿಡಿ. ಅರಿಯುವುದು, ತೀರ್ಮಾನಿಸುವುದು, ಮಾಡುವುದು, ಮೂರೂ ಆ ಒಂದು ಪ್ರಿಂಟರಿನಲ್ಲಿವೆ.